ಗಣಿ ಯಂತ್ರಗಳ ಉರುಳು ರಕ್ಷಣೆ: ತಪಾಸಣೆಯ ಪ್ರಶ್ನೆ ಉಳಿದದ್ದೆಲ್ಲಿ?

ಗಣಿಯ ಇಳಿಜಾರಿನಲ್ಲಿ ಡೋಜರ್ ಅಥವಾ ಲೋಡರ್ ಮಗುಚಿದಾಗ ಆಪರೇಟರ್ ಅಪ್ಪಚ್ಚಿಯಾಗದಂತೆ ಕಾಯುವ ಉಕ್ಕಿನ ಚೌಕಟ್ಟನ್ನು ಈ ಕ್ಷೇತ್ರದವರು ರೋಪ್ಸ್ ಎನ್ನುತ್ತಾರೆ. ಅಂಥ ಚೌಕಟ್ಟು ಬೇಕೇ ಬೇಡವೇ ಎಂಬ ವಾದ ಎಂದೋ ಮುಗಿದಿದೆ. ಹತ್ತಾರು ವರ್ಷ ದುಡಿದ ಯಂತ್ರದ ಮೇಲೆ ಅದು ಇನ್ನೂ ಗಟ್ಟಿಯಾಗಿದೆ ಎಂದು ಯಾರು, ಯಾವ ಆಧಾರದ ಮೇಲೆ ಹೇಳಬೇಕು ಎಂಬುದಷ್ಟೇ ಗೋಜಲಾಗಿ ಉಳಿದಿದೆ.

1959ರಲ್ಲಿ ಸ್ವೀಡನ್ ಹೊಸ ಟ್ರ್ಯಾಕ್ಟರ್‌ಗಳಿಗೆ ಚೌಕಟ್ಟನ್ನು ಕಡ್ಡಾಯಗೊಳಿಸಿತು, ಅಮೆರಿಕದ ಗಣಿ ನಿಯಮಗಳು 1969ರ ಜುಲೈ 1ಕ್ಕಿಂತ ಹಿಂದೆ ತಯಾರಾದ ಯಂತ್ರಗಳನ್ನು ಹೊರಗಿಟ್ಟು ಮುಂದಿನವನ್ನು ಒಳಗೆ ತಂದವು, ಆಮೇಲೆ ಇಂಥ ಚೌಕಟ್ಟುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 3471 ರೂಪುಗೊಂಡಿತು, ಎಕ್ಸ್‌ಕವೇಟರ್‌ಗಳ ಪ್ರತ್ಯೇಕ ಮಾನದಂಡಕ್ಕೆ 2008ರವರೆಗೆ ಕಾಯಬೇಕಾಯಿತು.

ಐಎಸ್ಒ 3471ರ ಪರೀಕ್ಷೆಯಲ್ಲಿ ಚೌಕಟ್ಟನ್ನು ಮೊದಲು ಪಕ್ಕದಿಂದ, ಬಳಿಕ ಮೇಲಿನಿಂದ, ಕೊನೆಗೆ ಉದ್ದಕ್ಕೆ ಒತ್ತುತ್ತಾರೆ. ಮೇಲಿನ ಒತ್ತಡವೇ ಯಂತ್ರದ ತೂಕದ ಸುಮಾರು ಎರಡರಷ್ಟಿರುತ್ತದೆ. ಚೌಕಟ್ಟು ಬಾಗಬಹುದು, ಆದರೆ ಆಪರೇಟರ್ ಕೂರುವ ಜಾಗದೊಳಕ್ಕೆ ನುಗ್ಗಬಾರದು. ಬಾಗುತ್ತಲೇ ಹೊಡೆತವನ್ನು ಹೀರಿಕೊಳ್ಳುವ ಉಕ್ಕು ಒಮ್ಮೆ ಬಾಗಿದರೆ ಅದರ ಕೆಲಸ ಮುಗಿಯಿತು. ಪರೀಕ್ಷೆಯಲ್ಲಿ ಬಾಗಿದ ಚೌಕಟ್ಟನ್ನು ಯಾರೂ ಯಂತ್ರಕ್ಕೆ ಹಾಕುವುದಿಲ್ಲ. ಗಣಿಗೆ ಬರುವುದು ಅದರ ಅವಳಿ. ಅಂದರೆ ಪರೀಕ್ಷೆ ಖಾತರಿ ನೀಡುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ಮಾತ್ರ.

ಅಲ್ಲಿಂದ ಮುಂದಿನದು ವರ್ಕ್‌ಶಾಪಿನ ಕಥೆ. ಲೈಟಿಗೊಂದು, ಬೆಂಕಿ ಆರಿಸುವ ಸಿಲಿಂಡರಿಗೊಂದು, ವಾಕಿಟಾಕಿಗೊಂದು ಎಂದು ಕಂಬಕ್ಕೆ ತೂತು ಕೊರೆಯುತ್ತಾರೆ. ಬುಡದಲ್ಲಿ ಬಿರುಕು ಕಂಡರೆ ವೆಲ್ಡಿಂಗ್ ಎಳೆದು ಬಣ್ಣ ಬಳಿಯುತ್ತಾರೆ. ಕೊರೆಯುವವರಿಗೆ ಅದು ದಪ್ಪ ಕಬ್ಬಿಣ ಅಷ್ಟೇ. ಆದರೆ ಕಡುಚಳಿಯಲ್ಲೂ ಪೆಡಸಾಗದಂಥ ಗುಣಕ್ಕಾಗಿ ಆರಿಸಿದ ಉಕ್ಕು ವೆಲ್ಡಿಂಗ್ ಕಾವಿಗೆ ಸಿಕ್ಕ ಜಾಗದಲ್ಲಿ ಆ ಗುಣ ಕಳೆದುಕೊಳ್ಳಬಹುದು. ತಲೆಯ ಮೇಲೆ 10.9 ಎಂಬ ಬಲದ ದರ್ಜೆಯಿದ್ದ ಬೋಲ್ಟ್ ಕಳಚಿ, ಕೈಗೆ ಸಿಕ್ಕ ಬೋಲ್ಟ್ ಹಾಕಿದರೂ ಹೊರನೋಟಕ್ಕೆ ಎಲ್ಲ ಸರಿಯಾಗಿಯೇ ಇರುತ್ತದೆ.

ಅಮೆರಿಕದ ನಿಯಮ ಈ ವಿಷಯದಲ್ಲಿ ಖಚಿತವಾಗಿದೆ: ಲೋಹ ಮತ್ತು ಲೋಹೇತರ ಗಣಿಯ ಯಂತ್ರ ಉರುಳಿದರೆ, ಇಲ್ಲವೇ ಚೌಕಟ್ಟಿನ ಮೇಲೆ ಅಸಹಜ ಭಾರ ಬಿದ್ದರೆ, ತಯಾರಕರು ಅಥವಾ ರೋಪ್ಸ್ ವಿನ್ಯಾಸ ಬಲ್ಲ ನೋಂದಾಯಿತ ಎಂಜಿನಿಯರ್ ಮರುಪ್ರಮಾಣೀಕರಿಸದೆ ಅದನ್ನು ಕೆಲಸಕ್ಕೆ ಇಳಿಸುವಂತಿಲ್ಲ. ಆದರೆ ಉರುಳದೆ, ದಿನದಿನದ ಕುಲುಕಾಟದಲ್ಲೇ ಸವೆದ ಚೌಕಟ್ಟು ತಾನಾಗಿ ಎಂಜಿನಿಯರನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಪಾಳಿಯ ಆರಂಭದ ತಪಾಸಣೆಯೇ ಹಿಡಿಯಬೇಕು, ಮತ್ತು ಆ ತಪಾಸಣೆ ಬಹಳ ಸಲ ಚೌಕಟ್ಟಿನ ವಿವರದ ಫಲಕ ಇದೆಯೇ, ಸೀಟ್ ಬೆಲ್ಟ್ ಇದೆಯೇ ಎಂದು ಗುರುತು ಹಾಕುವುದರಲ್ಲಿ ಮುಗಿಯುತ್ತದೆ. ಬುಡದ ಗ್ರೀಸು, ದೂಳು ಒರೆಸಿ ನೋಡುವ ವ್ಯವಧಾನ ಪಾಳಿ ಬದಲಾಗುವ ಹೊತ್ತಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಒರೆಸಿದ ಮೇಲೆ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಕೂದಲೆಳೆಯಂಥ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ದುಬಾರಿ ಉಪಕರಣವೇನೂ ಇದಕ್ಕೆ ಬೇಡ, ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು ಅಷ್ಟೇ.

ಕೈ ಬದಲಾಗಿ ಬಂದ ಹಳೆಯ ಯಂತ್ರಗಳಲ್ಲಿ ಸಿಕ್ಕು ಇನ್ನೂ ಹೆಚ್ಚು. ಮಾದರಿ, ಕ್ರಮಸಂಖ್ಯೆ, ಗರಿಷ್ಠ ತೂಕ, ಮಾನದಂಡ ಕೆತ್ತಿದ ಫಲಕ ಕಳಚಿಹೋಗಿದ್ದರೆ ಚೌಕಟ್ಟು ಆ ಯಂತ್ರದ್ದೇ ಎನ್ನಲು ಆಧಾರ ಉಳಿಯುವುದಿಲ್ಲ. ಆಮೇಲೆ ಭಾರವಾದ ಬ್ಲೇಡ್ ಜೋಡಿಸಿದ್ದರೆ, ಯಾವ ತೂಕಕ್ಕೆ ಚೌಕಟ್ಟನ್ನು ಪರೀಕ್ಷಿಸಿದ್ದರೆಂದು ತಪಾಸಕರಿಗೆ ತಿಳಿಯುವ ದಾರಿಯೂ ಇರುವುದಿಲ್ಲ.