ಹೊಯ್ಗೆಯಲ್ಲಿ ಟೆಂಟಿನ ಗೂಟ ನಿಲ್ಲುತ್ತದಾ?

ಮಂಜೇಶ್ವರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ತಮ್ಮ ಷಿಕಾಗೋದಲ್ಲಿದ್ದಾನೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಮಿಷಿಗನ್ ಸರೋವರದ ದಡದ ಹೊಯ್ಗೆ ಗುಡ್ಡೆಗಳಲ್ಲಿ ಒಂದು ರಾತ್ರಿ ಟೆಂಟ್ ಹಾಕಿ ಮಲಗುವ ಅಂತಿದ್ದೇವೆ. ಗೂಟ ನಿಲ್ಲುತ್ತದಾ?"

ಟೆಂಟಿನ ಜೊತೆ ಕೊಡುವ ಸಪೂರ ಗೂಟವಾದರೆ, ಇಲ್ಲ. ಒಣ ಹೊಯ್ಗೆಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ, ಎಳೆದರೆ ಸರಿದು ದಾರಿ ಬಿಡುತ್ತವೆ. ಅದಕ್ಕೆ ಗೂಟ ಹೊಡೆಯಬೇಡಿ, ಹೂತುಬಿಡಿ. ಹಗ್ಗವನ್ನು ಗೂಟದ ಅಥವಾ ಒಂದು ದಪ್ಪ ಕೋಲಿನ ನಡುವಿಗೆ ಕಟ್ಟಿ, ಹಗ್ಗ ಎಳೆಯುವ ದಿಕ್ಕಿಗೆ ಅಡ್ಡವಾಗಿ ಮೊಳದಷ್ಟು ಆಳದಲ್ಲಿ ಮಲಗಿಸಿ, ಮೇಲೆ ಹೊಯ್ಗೆ ಎಳೆದು ಚೆನ್ನಾಗಿ ತುಳಿಯಿರಿ. ಹಗ್ಗ ಹೊರಬರಲು ಟೆಂಟಿನ ಕಡೆಗೆ ಓರೆಯಾಗಿ ಒಂದು ಸಣ್ಣ ಸೀಳು ಬಿಟ್ಟರೆ ಸಾಕು. ಈಗ ಗಾಳಿ ಎಳೆಯಬೇಕಾದದ್ದು ಗೂಟವನ್ನು ಮಾತ್ರ ಅಲ್ಲ, ಅದರ ಮೇಲಿನ ಹೊಯ್ಗೆಯ ಭಾರವನ್ನೂ. ಕೋಲು ಸಿಗದಿದ್ದರೆ ಬಟ್ಟೆ ಚೀಲಕ್ಕೆ ಹೊಯ್ಗೆ ತುಂಬಿ ಹೂಳಿ, ನನಗಂತೂ ಅದೇ ಜಾಸ್ತಿ ಇಷ್ಟ, ಹೋಗುವಾಗ ಚೀಲ ಮಡಚಿಟ್ಟರೆ ಭಾರವೂ ಇಲ್ಲ. ಹೊರಡುವ ಮೊದಲು ಕಣ್ವತೀರ್ಥದ ಬೀಚಿನಲ್ಲಿ ಒಮ್ಮೆ ಕಟ್ಟಿ, ಬಲವಾಗಿ ಎಳೆದು ನೋಡಿ.

ಆದರೆ ಜಾಗ ತಪ್ಪಿದರೆ ಯಾವ ಕಟ್ಟೂ ಉಳಿಯುವುದಿಲ್ಲ. ಅಲ್ಲಿ ಹೆಚ್ಚಾಗಿ ಪಶ್ಚಿಮದ ಗಾಳಿ. ಅದು ಸರೋವರ ದಾಟಿ ಬಂದು ದಡದ ಹೊಯ್ಗೆಯನ್ನು ಹೊತ್ತು ತಂದು ಸುರಿಯುತ್ತದೆ, ದೊಡ್ಡ ಗುಡ್ಡೆಗಳೆಲ್ಲ ಪೂರ್ವ ದಡದಲ್ಲೇ ಇರುವುದು ಅದಕ್ಕೆ. ನೆತ್ತಿಯ ಮೇಲೆ ನೋಟ ಚೆಂದ, ನಿದ್ದೆ ಕಷ್ಟ. ಹಿಂದಿನ ತಗ್ಗಿನಲ್ಲಿ, ಮರಗಳ ಮರೆಯಲ್ಲಿ ಬರಿ ಹೊಯ್ಗೆ ಇರುವ ಕಡೆ ಮಲಗಿ. ಹುಲ್ಲಿನ ಮೇಲೆ ಮಾತ್ರ ಬೇಡ. ನಮ್ಮ ಬೀಚಿನಲ್ಲಿ ನೇರಳೆ ಹೂ ಬಿಡುವ ಬಳ್ಳಿ ಮಾಡುವ ಕೆಲಸವನ್ನೇ ಅಲ್ಲಿ ಮ್ಯಾರಮ್ ಹುಲ್ಲಿನ ಬೇರು ಮಾಡುತ್ತದೆ. ಅದು ಸತ್ತರೆ ಗಾಳಿ ಗುಡ್ಡೆಯನ್ನೇ ಕೊರೆಯಲು ಶುರುಮಾಡುತ್ತದೆ.

ಎಲ್ಲಿಗೆ ಹೋಗುವುದು? ಎಲ್ಲರೂ ಹೇಳುವುದು ಸ್ಲೀಪಿಂಗ್ ಬೇರ್ ಡ್ಯೂನ್ಸ್. 1970ರಿಂದ ಸಂರಕ್ಷಿತ ಜಾಗ, ನಿಗದಿ ಮಾಡಿದ ಕ್ಯಾಂಪ್‌ಗಳಲ್ಲಷ್ಟೇ ಟೆಂಟ್ ಹಾಕಬಹುದು, ಗುಡ್ಡೆಯ ಮೇಲೆ ಇಲ್ಲ. ಗುಡ್ಡೆಗಳ ನಡುವೆಯೇ ಮಲಗಬೇಕಾದರೆ ಲಡಿಂಗ್ಟನ್ ಊರಿನ ಹತ್ತಿರದ ನಾರ್ಡ್‌ಹೌಸ್ ಡ್ಯೂನ್ಸ್ ನೋಡಿ. 3,450 ಎಕರೆ, ಗುಡ್ಡೆಗಳು 140 ಅಡಿ ತನಕ. 1987ರಲ್ಲಿ ಕಾಡುಪ್ರದೇಶವೆಂದು ಕಾನೂನಿನ ರಕ್ಷಣೆ ಸಿಕ್ಕಿದ್ದು. ನೀರಿನ ಅಂಚಿನಿಂದ ಎಷ್ಟು ದೂರ ಇರಬೇಕೆಂಬ ನಿಯಮವಿದೆ, ಹೊರಡುವಾಗ ಅರಣ್ಯ ಇಲಾಖೆಯ ಪುಟ ನೋಡಿಕೊಳ್ಳಿ.

ನಡೆಯುವ ವಿಷಯ ಒಂದೇ ಮಾತು. ಸ್ಲೀಪಿಂಗ್ ಬೇರ್‌ನಲ್ಲಿ ಸರೋವರದ ಕಡೆಗೆ 450 ಅಡಿ ಎತ್ತರದ ಕಡಿದಾದ ಇಳಿಜಾರು ಇದೆ, ಕೆಳಗೆ ಜಾರುವುದಕ್ಕೆ ಕೆಲವೇ ನಿಮಿಷ, ಹತ್ತುವಾಗ ಇಟ್ಟ ಹೆಜ್ಜೆ ಅರ್ಧಕ್ಕೆ ಹಿಂದೆ ಸರಿಯುತ್ತದೆ ಮಾರಾಯ್ರೇ, ಗಂಟೆಗಟ್ಟಲೆ ಬೇಕಾಗಬಹುದು. ಇಳಿಯಬೇಡಿ ಎಂಬ ಬೋರ್ಡು ಸುಮ್ನೆ ಹಾಕಿದ್ದಲ್ಲ. ಮಧ್ಯಾಹ್ನ ಹೊಯ್ಗೆ ಕಾಲು ಸುಡುತ್ತದೆ, ಚಪ್ಪಲಿಗಿಂತ ಶೂ ವಾಸಿ.

ನೀರಿನ ಚಿಂತೆ ನಮ್ಮ ಕಡಲ ಕರೆಯಷ್ಟಿಲ್ಲ, ಸರೋವರದ್ದು ಸಿಹಿನೀರು. ಆದರೂ ಕುದಿಸದೆ ಅಥವಾ ಫಿಲ್ಟರ್ ಮಾಡದೆ ಕುಡಿಯಬೇಡಿ.