ಮೂರು ವಾರ ನೆಲ ಕಾಣದ ದೋಣಿಗೆ ಕರೆಂಟಿನ ಲೆಕ್ಕ

ಗೋವಾದಿಂದ ಮಾರಿಷಸ್‌ಗೆ ಸುಮಾರು 2,300 ನಾಟಿಕಲ್ ಮೈಲಿ. ನಲವತ್ತು ಅಡಿಯ ಹಾಯಿದೋಣಿ ಒಳ್ಳೆ ಗಾಳಿಯಲ್ಲಿ ದಿನಕ್ಕೆ 120 ಮೈಲಿ ಹೋಗುತ್ತದೆ. ಅಂದರೆ ಹೆಚ್ಚೂಕಡಿಮೆ ಮೂರು ವಾರ ನೀರೇ ನೀರು. ಇಂಥ ಪ್ರಯಾಣಕ್ಕೆ ದೋಣಿ ಸಜ್ಜು ಮಾಡಿಸಲು ಬರುವವರು ಮೊದಲು ಸಾಮಾನಿನ ಪಟ್ಟಿ ತೆಗೆಯುತ್ತಾರೆ: ರೇಡಾರ್, ದೊಡ್ಡ ಚಾರ್ಟ್‌ಪ್ಲಾಟರ್ (ಕಡಲ ನಕ್ಷೆ ತೋರಿಸುವ ಪರದೆ), ಫ್ರಿಜ್, ವಾಟರ್‌ಮೇಕರ್ (ಕಡಲ ನೀರನ್ನು ಸಿಹಿನೀರು ಮಾಡುವ ಯಂತ್ರ). ಇಷ್ಟಕ್ಕೆಲ್ಲ ಕರೆಂಟ್ ಎಲ್ಲಿಂದ ಅಂತ ಕೇಳಿದರೆ ‘ಸೋಲಾರ್ ಹಾಕಿಸ್ತೀವಲ್ಲ’ ಅನ್ನುತ್ತಾರೆ. ಆಗ ನಾನು ಪೆನ್ನು, ಹಾಳೆ ಹಿಡಿಯುತ್ತೇನೆ.

ದೋಣಿಯಲ್ಲಿ ಇರುವುದು 12 ವೋಲ್ಟ್. ಬಿಸಿ ಕಡಲಲ್ಲಿ ಫ್ರಿಜ್ ದಿನಕ್ಕೆ 50 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್) ತಿನ್ನುತ್ತದೆ. ಚಾರ್ಟ್‌ಪ್ಲಾಟರ್, ಗಾಳಿ-ಆಳ ತೋರಿಸುವ ಮೀಟರುಗಳಿಗೆ ಒಂದು 45. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್, ಮಾಸ್ಟ್ (ಹಾಯಿಕಂಬ) ತುದಿಯ ಎಲ್‌ಇಡಿ ದೀಪ, ಪಂಪು, ಮೊಬೈಲ್ ಚಾರ್ಜು ಎಲ್ಲ ಸೇರಿ 25. ಇನ್ನು ಆಟೋಪೈಲಟ್. ಚುಕ್ಕಾಣಿಯನ್ನು ಹಗಲೂ ರಾತ್ರಿ ಅದೇ ಹಿಡಿದಿರಬೇಕು, ಅಲ್ವಾ? ಸರಾಸರಿ 4 ಆಂಪಿಯರ್ ಎಳೆದರೂ 24 ಗಂಟೆಗೆ ನೂರರ ಹತ್ತಿರ. ರೇಡಾರ್, ವಾಟರ್‌ಮೇಕರ್ ಬಿಟ್ಟೇ ಒಟ್ಟು 220.

ಈಗ ಬರುವ ಕಡೆ ನೋಡಿ. 400 ವ್ಯಾಟ್ ಸೋಲಾರ್ ಹಾಕಿದರೆ ಒಳ್ಳೆ ಬಿಸಿಲಿನ ದಿನ 110 ಸಿಗಬಹುದು. ಹಾಯಿಯ ನೆರಳು ಪ್ಯಾನೆಲ್ ಮೇಲೆ ಬಿದ್ದರೆ ಅದೂ ಇಲ್ಲ. ಉಳಿದ ಅರ್ಧಕ್ಕೆ ದಿನಾ ಎರಡು ಗಂಟೆಗಿಂತ ಜಾಸ್ತಿ ಎಂಜಿನ್ ಓಡಿಸಬೇಕು. ಹಾಯಿದೋಣಿಯಲ್ಲಿ ಕೂತು ದಿನಾ ಡೀಸೆಲ್ ಸುಡುತ್ತಾ ಹೋಗುವುದಕ್ಕೆ ಇಷ್ಟು ಖರ್ಚು ಮಾಡಬೇಕಾ?

ಪಟ್ಟಿಯಲ್ಲಿ ಇಲ್ಲದ ಒಂದು ವಸ್ತುವನ್ನು ನಾನು ಸೇರಿಸುವುದು ಇಲ್ಲಿ: ವಿಂಡ್‌ವೇನ್. ದೋಣಿಯ ಹಿಂಬದಿಗೆ ಕೂರಿಸುವ ಯಂತ್ರ. ಮೇಲೊಂದು ತೆಳು ಹಲಗೆ, ಕೆಳಗೆ ನೀರಿನಲ್ಲೊಂದು ಹುಟ್ಟು. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯನ್ನು ವಾಲಿಸುತ್ತದೆ. ಹಲಗೆ ವಾಲಿದ್ದಕ್ಕೆ ಹುಟ್ಟು ಸ್ವಲ್ಪ ತಿರುಗುತ್ತದೆ. ಓಡುವ ನೀರು ಆ ಹುಟ್ಟನ್ನು ಜೋರಾಗಿ ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೆ ಕಟ್ಟಿದ ಹಗ್ಗ ಚುಕ್ಕಾಣಿಯನ್ನು ಎಳೆಯುತ್ತದೆ. ಗಾಳಿ ಹೆಚ್ಚಿ ವೇಗ ಏರಿದಷ್ಟೂ ಇದರ ಬಲ ಏರುತ್ತದೆ. ಕರೆಂಟ್ ಸೊನ್ನೆ. 220ರಲ್ಲಿ ನೂರು ಹೋಯಿತು, ಸೋಲಾರ್ ಲೆಕ್ಕ ಹೆಚ್ಚೂಕಡಿಮೆ ಸರಿಹೋಯಿತು.

ಮುರಿದರೂ ಅಲ್ಲೇ ಸರಿ ಮಾಡಬಹುದು. 2022ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ವಿಂಡ್‌ವೇನ್ ರಿಪೇರಿಗೆ ಟಾಯ್ಲೆಟ್ ಬಾಗಿಲನ್ನೇ ಬಳಸಿಕೊಂಡರು, ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದರು. ಆಟೋಪೈಲಟ್‌ನ ಸರ್ಕ್ಯೂಟ್ ಬೋರ್ಡ್ ಸುಟ್ಟರೆ ಯಾವ ಬಾಗಿಲೂ ಕೆಲಸಕ್ಕೆ ಬರುವುದಿಲ್ಲ.

ಹಾಗಂತ ಆಟೋಪೈಲಟ್ ಬೇಡವೇ ಬೇಡ ಅನ್ನುತ್ತಿಲ್ಲ. ಸಮಭಾಜಕದ ಹತ್ತಿರ ಗಾಳಿ ಸತ್ತುಹೋಗುತ್ತದೆ. ಎಂಜಿನ್‌ನಲ್ಲಿ ಹೋಗುವಾಗ ವಿಂಡ್‌ವೇನ್ ಸುಮ್ನೆ ತೂಗಾಡುತ್ತದೆ. ಆಗ ಸಣ್ಣ ಟಿಲ್ಲರ್ ಪೈಲಟ್ (ಚುಕ್ಕಾಣಿಯ ಹಿಡಿಗೆ ಕಟ್ಟುವ ಪುಟ್ಟ ಆಟೋಪೈಲಟ್) ಒಂದನ್ನು ವಿಂಡ್‌ವೇನ್‌ಗೇ ಜೋಡಿಸಿ. ಅದು ಅಲುಗಾಡಿಸುವುದು ಹಗುರ ಹುಟ್ಟನ್ನು ಮಾತ್ರ, ಕರೆಂಟ್ ತೀರಾ ಕಡಿಮೆ.

ಬ್ಯಾಟರಿ ವಿಷಯ. ಲೆಡ್ ಆಸಿಡ್ 400 ಆಂಪಿಯರ್-ಅವರ್ ಇದ್ದರೆ ನೀವು ಬಳಸಬಹುದಾದ್ದು 200, ಅದಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಕಡಿಮೆ. ಲಿಥಿಯಂನಲ್ಲಿ ಶೇ 80 ಬಳಸಬಹುದು. ಆದರೆ ಹಳೆ ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರ) ನೇರ ಜೋಡಿಸಬೇಡಿ. ಲಿಥಿಯಂ ಕೊಟ್ಟಷ್ಟೂ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗುತ್ತದೆ. ನಡುವೆ ಆ ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ತಂತಿಯಲ್ಲಿ ಜಿಪುಣತನ ಬೇಡ. ಮನೆಗೆ ಹಾಕುವ ತಾಮ್ರದ ವೈರನ್ನು ದೋಣಿಯಲ್ಲಿ ಹಾಕಿದ್ದರೆ ಕೆಲ ವರ್ಷ ಬಿಟ್ಟು ಅದರ ಸಿಪ್ಪೆ ಸುಲಿದು ನೋಡಿ. ಒಳಗಿನ ಎಳೆಗಳು ಕಪ್ಪಗೆ, ಬೆರಳಲ್ಲಿ ಉಜ್ಜಿದರೆ ಪುಡಿ. ಉಪ್ಪುಗಾಳಿ ತುದಿಯಿಂದ ಒಳಗೆ ಗೇಣುದ್ದ ನುಗ್ಗಿರುತ್ತದೆ. ಹೊರಗಿನಿಂದ ವೈರು ಹೊಸದರಂತೆಯೇ ಇರುತ್ತದೆ. ತವರ ಲೇಪಿಸಿದ ಮರೈನ್ ವೈರ್ ದುಬಾರಿ, ಆದರೂ ಅದನ್ನೇ ತನ್ನಿ. ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸಿ (ಕ್ರಿಂಪ್), ಅಂಟು ಇರುವ ಹೀಟ್‌ಶ್ರಿಂಕ್ (ಕಾಯಿಸಿದರೆ ಬಿಗಿಯುವ ಕೊಳವೆ) ತೊಡಿಸಿ.

ಸ್ಯಾಟಲೈಟ್ ಫೋನ್ ಬಗ್ಗೆ ಎಚ್ಚರ. ಪರವಾನಗಿ ಇಲ್ಲದ ಇರಿಡಿಯಂ, ತುರಾಯಾ ಫೋನ್ ಭಾರತದಲ್ಲಿ ನಿಷಿದ್ಧ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಣ್ಣ ಉಪಕರಣ ಚೀಲದಲ್ಲಿ ಸಿಕ್ಕಿದ್ದಕ್ಕೇ ಗೋವಾ ವಿಮಾನ ನಿಲ್ದಾಣದಲ್ಲಿ ವಿದೇಶಿಯರನ್ನು ಹಿಡಿದಿದ್ದಾರೆ. ಮೊದಲು ದೂರಸಂಪರ್ಕ ಇಲಾಖೆಯ ಅನುಮತಿ, ಆಮೇಲೆ ಖರೀದಿ.

ಅಪಾಯದಲ್ಲಿ ಸಹಾಯ ಕೇಳುವ ಸಂಕೇತ ಕಳಿಸುವ ಇಪಿಐಆರ್‌ಬಿ ಮಾತ್ರ ಇರಲೇಬೇಕು. 406 ಮೆಗಾಹರ್ಟ್ಸ್‌ನ ಅದರ ಸಂಕೇತ ಉಪಗ್ರಹದ ಮೂಲಕ ಬಂದು ತಲುಪುವುದು ನಮ್ಮ ಬೆಂಗಳೂರಿಗೇ, ಇಸ್ರೋದ ಉಪಗ್ರಹ ನಿಗಾ ಸಂಸ್ಥೆ ಇಸ್ಟ್ರ್ಯಾಕ್‌ನಲ್ಲಿರುವ ಕೇಂದ್ರಕ್ಕೆ. ಅಲ್ಲಿಂದ ಕರಾವಳಿ ಕಾವಲು ಪಡೆಗೆ ಸುದ್ದಿ ಹೋಗುತ್ತದೆ. ಕೊಂಡ ಕೂಡಲೇ ಅದನ್ನು ನೋಂದಾಯಿಸಿ. ನೋಂದಣಿಯಲ್ಲಿ ನಿಮ್ಮ ನಂಬರ್ ಒಂದೇ ಸಾಲದು, ನೀವು ಕಡಲಲ್ಲಿ ಇರುತ್ತೀರಿ. ದಡದಲ್ಲಿದ್ದು ರಾತ್ರಿ ಎರಡಕ್ಕೂ ಫೋನ್ ಎತ್ತುವವರ ನಂಬರ್ ಕೊಡಿ.