ಹೆಸರು ತಿದ್ದಿದರೆ ಫೈಲು ತೆರೆಯುತ್ತದೆಯೇ?

ಪ್ರಶ್ನೆ: ನಮ್ಮ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯ ಪ್ರೂಫನ್ನು ಡಿಟಿಪಿಯವರು ಇಮೇಲ್ ಮಾಡಿದ್ದಾರೆ. ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಹೆಸರಿನ ಕೊನೆಗಿದ್ದ ಸಿಡಿಆರ್ ಅಳಿಸಿ ಪಿಡಿಎಫ್ ಎಂದು ಬರೆದು ನೋಡಿದೆ, ಆದರೂ ಇಲ್ಲ. ವೈರಸ್ ಇರಬಹುದೇ?
– ಬದಿಯಡ್ಕದ ಓದುಗರು

ಉತ್ತರ: ವೈರಸ್ ಅಲ್ಲ. ಸಿಡಿಆರ್ ಎಂಬುದು ಪುಟ ವಿನ್ಯಾಸ ಮಾಡುವ ಕೋರೆಲ್ ಡ್ರಾ ತಂತ್ರಾಂಶದ ಫೈಲು. ಆ ತಂತ್ರಾಂಶ ನಿಮ್ಮಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಹೊಸ ಆವೃತ್ತಿಯಲ್ಲಿ ಉಳಿಸಿದ್ದನ್ನು ಹಳೆಯ ಕೋರೆಲ್ ಕೂಡ ತೆರೆಯುವುದಿಲ್ಲ. ಡಿಟಿಪಿಯವರಿಗೆ ಫೋನ್ ಮಾಡಿ, ಪಿಡಿಎಫ್ ಕಳುಹಿಸಲು ಹೇಳಿ. ಕೆಲಸ ಮುಗಿಯಿತು.

ಆದರೆ ಆ ಹೆಸರು ತಿದ್ದುವ ವಿದ್ಯೆಯನ್ನು ನಿಮಗೆ ಯಾರು ಕಲಿಸಿದರೋ! ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಜಾತ್ರೆಯ ಕಾಲ ಬಂದರೆ ಸಾಕು, ಇದೇ ಪ್ರಶ್ನೆ. ಪೆರ್ಲದ ಬಸ್ಸಿಗೆ ಮಂಗಳೂರಿನ ಬೋರ್ಡು ತೂಗಿದರೆ ಅದು ಗಡಿಯ ತಲಪಾಡಿ ದಾಟುತ್ತದೆಯೇ? ಹೆಸರಿನ ಕೊನೆಯ ಮೂರು-ನಾಲ್ಕು ಅಕ್ಷರ ಹೇಳುವುದು ಇಷ್ಟೇ: ಈ ಫೈಲನ್ನು ಯಾವ ತಂತ್ರಾಂಶದ ಕೈಗೆ ಕೊಡಬೇಕು ಎಂದು. ಒಳಗಿನ ಸರಕು ಇದ್ದ ಹಾಗೆಯೇ ಇರುತ್ತದೆ.

ನಂಬಿಕೆ ಬಾರದಿದ್ದರೆ ಯಾವುದಾದರೂ ಒಳ್ಳೆಯ ಪಿಡಿಎಫ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆಯ ತುಂಬ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಗಾಬರಿ ಬೇಡ, ಮೊದಲ ಸಾಲನ್ನು ಮಾತ್ರ ನೋಡಿ. ಶೇಕಡಾ ಚಿಹ್ನೆ, ಅದಕ್ಕಂಟಿಕೊಂಡು ಪಿಡಿಎಫ್ ಎಂಬ ಇಂಗ್ಲಿಷ್ ಅಕ್ಷರಗಳು. ವರ್ಡ್‌ನ ಈಗಿನ ಡಿಒಸಿಎಕ್ಸ್ ಫೈಲಾದರೆ ಪಿ, ಕೆ ಎಂದು ಆರಂಭ. ಡಿಒಸಿಎಕ್ಸ್ ಒಳಗೊಳಗೆ ಜಿಪ್, ಅಂದರೆ ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ ಗಂಟು; ಪಿ, ಕೆ ಅದರ ಗುರುತು, ಜಿಪ್ ರೂಪಿಸಿದ ಫಿಲ್ ಕಾಟ್ಸ್ ಅವರ ಹೆಸರಿನ ಮೊದಲಕ್ಷರಗಳು. ಪಿಡಿಎಫ್ ತೆರೆಯುವ ತಂತ್ರಾಂಶ ಹುಡುಕುವುದು ಒಳಗಿನ ಆ ಶೇಕಡಾ-ಪಿಡಿಎಫ್ ಗುರುತನ್ನು. ನೀವು ಹೆಸರು ತಿದ್ದಿದ ಸಿಡಿಆರ್‌ನಲ್ಲಿ ಅದು ಎಲ್ಲಿಂದ ಬರಬೇಕು?

‘ನನ್ನ ಭಾವ ಹಾಗೆ ಮಾಡಿದಾಗ ತೆರೆಯಿತಲ್ಲ’ ಎನ್ನುವವರಿದ್ದಾರೆ. ತೆರೆದಿರಬಹುದು. ಜೆಪಿಜಿ ಫೋಟೊಗೆ ಪಿಎನ್‌ಜಿ ಎಂದು ಹೆಸರಿಟ್ಟರೂ ಹಲವು ತಂತ್ರಾಂಶಗಳು ಹೆಸರನ್ನು ನಂಬದೆ ಒಳಗೆ ಇಣುಕಿ ಚಿತ್ರ ತೋರಿಸುತ್ತವೆ. ಫೋಟೊ ಮಾತ್ರ ಜೆಪಿಜಿಯಾಗಿಯೇ ಉಳಿದಿರುತ್ತದೆ. ಹೆಸರು ತಿದ್ದುವುದು ನಿಜಕ್ಕೂ ಫಲಿಸುವ ಸಂದರ್ಭವೂ ಒಂದಿದೆ: ಕಳುಹಿಸುವವರು ‘ಸಭೆಯ ವರದಿ 12.3.2024’ ಎಂದು ಹೆಸರಿಟ್ಟು, ಕೊನೆಯ ಪಿಡಿಎಫ್ ಎಂಬುದನ್ನೇ ಅಳಿಸಿಬಿಟ್ಟಾಗ. ಕೊನೆಯ ಚುಕ್ಕೆಯ ನಂತರದ 2024 ಎಂಬುದನ್ನೇ ಫೈಲಿನ ಬಗೆ ಎಂದುಕೊಂಡು ವಿಂಡೋಸ್ ಕಂಗಾಲಾಗುತ್ತದೆ. ಅಲ್ಲಿ ನೀವು ಮಾಡುವುದು ಅಳಿಸಿಹೋದ ಹೆಸರನ್ನು ಮರಳಿ ಬರೆಯುವುದು. ಫೈಲಿನ ಜಾತಿ ಬದಲಿಸುವುದಲ್ಲ.

ಹೆಸರಿನ ಈ ಕೊನೆಯ ಭಾಗವನ್ನು ವಿಂಡೋಸ್ ತಾನಾಗಿ ಮರೆಮಾಡಿರುತ್ತದೆ. ವಿಂಡೋಸ್ 11 ಆದರೆ ಫೈಲ್ ಎಕ್ಸ್‌ಪ್ಲೋರರಿನ ವ್ಯೂ, ಅದರೊಳಗೆ ಶೋ, ಅಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಗುರುತು ಹಾಕಿ. ಆಮಂತ್ರಣವೆಂದು ಬಂದ ಫೈಲು ಇಎಕ್ಸ್‌ಇ ಎಂದು ಕೊನೆಯಾದರೆ ಮುಟ್ಟಬೇಡಿ, ಅದು ಪತ್ರಿಕೆಯಲ್ಲ, ತೆರೆದೊಡನೆ ಓಡುವ ತಂತ್ರಾಂಶ. ವೈರಸ್ಸಿನ ಭಯವನ್ನು ಅದಕ್ಕೆ ಮೀಸಲಿಡಿ.

ಉಳಿದ ಕಾರಣಗಳು ಚಿಲ್ಲರೆ. ಅರ್ಧ ಇಳಿದ ಫೈಲಾದರೆ ಗಾತ್ರ ನೋಡಿ ಮತ್ತೆ ಇಳಿಸಿಕೊಳ್ಳಿ. ಐಫೋನಿನ ಎಚ್‌ಇಐಸಿ ಫೋಟೊ ಆದರೆ ಜೆಪಿಜಿ ಮಾಡಿ ಕಳುಹಿಸಲು ಹೇಳಿ. ಇ-ಆಧಾರ್ ಪಾಸ್‌ವರ್ಡ್ ಕೇಳಿದರೆ, ಆಧಾರಿನಲ್ಲಿರುವ ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಜೊತೆಗೆ ಹುಟ್ಟಿದ ಇಸವಿ.

ಇನ್ನು ನೀವು ಕೇಳದಿದ್ದರೂ ನಾಳೆ ಕೇಳಲಿರುವ ಪ್ರಶ್ನೆ: ಫೈಲು ತೆರೆಯಿತು, ಆದರೆ ಕನ್ನಡದ ಬದಲು ಟೊಪ್ಪಿ ತೊಟ್ಟ ಇಂಗ್ಲಿಷ್ ಅಕ್ಷರಗಳು ಬಂದವು. ಅದು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ವರ್ಡ್ ಫೈಲು. ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಹಲವು ಕಂಪ್ಯೂಟರುಗಳಲ್ಲಿ ಮಲಯಾಳದ ಫಾಂಟುಗಳಿರುತ್ತವೆ, ಇವು ಇರುವುದಿಲ್ಲ. ಬರೀ ಓದಲು, ಮುದ್ರಿಸಲು ಪಿಡಿಎಫ್ ಸಾಕು; ಫಾಂಟನ್ನು ಒಳಗೇ ಹೊತ್ತು ತರುವಂತೆ ಅದನ್ನು ಮಾಡಬಹುದು. ತಿದ್ದುವುದಿದ್ದರೆ ಈಗಿನ ಎಲ್ಲ ಕಂಪ್ಯೂಟರುಗಳಿಗೂ ಗೊತ್ತಿರುವ ಯುನಿಕೋಡ್ ಲಿಪಿಸಂಕೇತಕ್ಕೆ ಪರಿವರ್ತಿಸಿದ ವರ್ಡ್ ಫೈಲನ್ನೇ ಕೇಳಿ ಪಡೆಯಿರಿ. ಪರಿವರ್ತಿಸುವಾಗ ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದುಂಟು, ಆದ್ದರಿಂದ ತಂತ್ರಿಗಳ ಹೆಸರನ್ನೂ ಮುಹೂರ್ತದ ಸಾಲನ್ನೂ ಇನ್ನೊಮ್ಮೆ ಓದಿಯೇ ಅಚ್ಚಿಗೆ ಕೊಡಿ.